ಬಯಸಿ ಪಡೆದ ಬಸಿರು: ವೈದ್ಯರಿಂದ ಮುಚ್ಚಿಡಬಾರದ ಮಾತು

ಹೌಜ್ ಖಾಸಿನ ಕೆರೆಯ ದಂಡೆಯಲ್ಲಿ ಭಾನುವಾರದ ಸಂಜೆ ಕನ್ನಡದ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಅಲ್ಲಾವುದ್ದೀನ್ ಖಿಲ್ಜಿಯು ತನ್ನ ಸಿರಿ ನಗರದ ಜನಕ್ಕೆ ನೀರೊದಗಿಸಲೆಂದು ತೋಡಿಸಿದ ಕೆರೆಯಿದು. ಮುಂದೆ ಹೂಳು ತುಂಬಿ ಹಾಳುಬಿದ್ದಿದ್ದ ಇದನ್ನು ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಸರಿಪಡಿಸಿ, ದಂಡೆಯ ಮೇಲೆ ಮದರಸವೊಂದನ್ನು ಕಟ್ಟಿಸಿದನು. ಆತನ ಗೋರಿಯೂ ಅಲ್ಲಿಯೇ ಇದೆ. ವಾರವೆಲ್ಲ ಹೊಗೆಯಲ್ಲೂ ಕಡತಗಳ ನಡುವೆಯೂ ಕಳೆದ ನಮ್ಮವರು ಒಂದು ಗಳಿಗೆ ಗಾಳಿ ಸೇವಿಸಲು ಇಲ್ಲಿಗೆ ಬರುವುದುಂಟು.

ಕಳೆದ ತಿಂಗಳು ನಮಗೆ ಇಲ್ಲಿಯೇ ಒಬ್ಬ ಪರಿಚಿತರು ಸಿಕ್ಕಿದರು. ಕುಂದಾಪುರದ ಕಡೆಯವರು, ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವ ಕೆಲಸ. ಮದುವೆಯಾಗಿ ಹನ್ನೊಂದು ವರ್ಷಗಳ ಮೇಲೆ, ಚಿಕಿತ್ಸೆಯ ಫಲವಾಗಿ, ಅವರ ಪತ್ನಿಗೆ ಈಗ ಐದು ತಿಂಗಳು. ಏಳನೆಯ ತಿಂಗಳಲ್ಲಿ ಸೀಮಂತ, ಅನಂತರ ತವರಿಗೆ ಪಯಣ. ಹಿರಿಯರಿಗೆ ಚಿಕಿತ್ಸೆಯ ಸುದ್ದಿ ತಿಳಿಯದು. ಹರಕೆ ಫಲಿಸಿತೆಂದೇ ಅವರು ನಂಬಿದ್ದಾರೆ. ನಮ್ಮನ್ನು ಸ್ವಲ್ಪ ಮರೆಗೆ ಕರೆದು ಅವರು ಕೇಳಿದರು: “ರಾಯರೇ, ಊರಿನ ಡಾಕ್ಟರಿಗೆ ಇದನ್ನೆಲ್ಲ ಹೇಳಲೇಬೇಕೇ? ಹೊಟ್ಟೆಯಲ್ಲಿರುವುದು ಮಗುವೇ ತಾನೆ? ಅದು ಹೇಗೆ ಬಂತೆಂಬುದನ್ನು ಕಟ್ಟಿಕೊಂಡು ಅವರಿಗೇನಾಗಬೇಕು?”

ಪ್ರಶ್ನೆ ಸರಳವಾದುದು. ಆದರೆ ಇದಕ್ಕೆ ದೊರೆಯುವ ಉತ್ತರದ ಮೇಲೆ ಕೆಲವೊಮ್ಮೆ ತಾಯಿ ಮಕ್ಕಳ ಪ್ರಾಣವೇ ನಿಂತಿರುತ್ತದೆ. ನಮ್ಮ ವಾಚಕರಲ್ಲಿ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರನ್ನೂ ಕೇಳಲಾರದೆ ಇರುವವರು ಹಲವರಿರಬಹುದೆಂದು ಬಗೆದು, ಈ ವಿಷಯವನ್ನು ಇಂದು ಇಲ್ಲಿ ವಿವರಿಸಲು ಹೊರಟಿದ್ದೇವೆ.

ಗುಟ್ಟಿನ ಹಳೆಯ ಕಥೆ

ಶರೀರದ ಹೊರಗೆ, ಗಾಜಿನ ಪಾತ್ರೆಯಲ್ಲಿ ಅಂಡಾಣು ವೀರ್ಯಾಣುಗಳನ್ನು ಕೂಡಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶದಲ್ಲಿರಿಸುವ ವಿಧಾನದಿಂದ ಜಗತ್ತಿನ ಮೊದಲನೆಯ ಶಿಶು ಜನಿಸಿದುದು ೧೯೭೮ರ ಜುಲೈ ೨೫ರಂದು, ಇಂಗ್ಲೆಂಡಿನ ಓಲ್ಡಮ್ ಪಟ್ಟಣದಲ್ಲಿ. ಅದೇ ವರ್ಷದ ಅಕ್ಟೋಬರ್ ೩ರಂದು ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಎರಡನೆಯ ಶಿಶು ಹುಟ್ಟಿತು. ಅವರು ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು ಬಳಸಿದ್ದರು. ಇಂದು ಎಲ್ಲೆಡೆಯಲ್ಲಿಯೂ ರೂಢಿಯಲ್ಲಿರುವುದು ಇದೇ ಮಾರ್ಗ. ಆದರೆ ಸಮಾಜಕ್ಕೆ ಅಂಜಿದ ಹೆತ್ತವರು ಬಹಿರಂಗಕ್ಕೆ ಬರಲು ಇಷ್ಟಪಡಲಿಲ್ಲ. ಸರ್ಕಾರ ನೇಮಿಸಿದ ಸಮಿತಿಯು ಡಾಕ್ಟರರ ಮಾತನ್ನು ನಂಬಲಿಲ್ಲ. ಅವಮಾನ, ವರ್ಗಾವಣೆಗಳಿಂದ ನೊಂದ ಅವರು ೧೯೮೧ರ ಜೂನ್ ೧೯ರಂದು ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು.

ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ೧೯೮೬ರ ಆಗಸ್ಟ್ ೬ರಂದು ಡಾಕ್ಟರ್ ಇಂದಿರಾ ಹಿಂದೂಜಾ ಅವರ ಕೈಯಲ್ಲಿ ಜನಿಸಿದ ಹೆಣ್ಣು ಶಿಶುವನ್ನೇ ಭಾರತದ ಮೊದಲ ಪ್ರನಾಳ ಶಿಶುವೆಂದು ಬಹುಕಾಲ ಎಣಿಸಲಾಗಿತ್ತು. ಆ ಸಾಧನೆಯಲ್ಲಿ ಪಾಲುಗೊಂಡ ವಿಜ್ಞಾನಿ ಟಿ.ಸಿ. ಆನಂದಕುಮಾರರು ಮುಂದೆ ಬೆಂಗಳೂರಿನಲ್ಲಿ ಚಿಕಿತ್ಸಾಲಯವನ್ನು ನಡೆಸಿದವರು. ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ತಾವೇ ಪರಿಶೀಲಿಸಿ, ಮೊದಲಿಗನೆಂಬ ಮನ್ನಣೆ ತಮ್ಮದಲ್ಲ, ಆ ಮೃತ ವೈದ್ಯರದೆಂದು ೧೯೯೭ರಲ್ಲಿ ಬಹಿರಂಗವಾಗಿ ಸಾರಿದ ದೊಡ್ಡತನ ಅವರದು.

ಇಂದು ಇಂಥ ಮಕ್ಕಳ ಸಂಖ್ಯೆ ಜಗತ್ತಿನಲ್ಲಿ ಒಂದು ಕೋಟಿಯನ್ನು ಮೀರಿದೆಯೆಂದು ಅಂದಾಜು. ಮೊದಲ ಆಂಗ್ಲ ಶಿಶು ೨೦೦೬ರಲ್ಲಿಯೂ ಮುಂಬಯಿಯ ಶಿಶು ೨೦೧೬ರಲ್ಲಿಯೂ ಸ್ವತಃ ತಾಯಂದಿರಾದರು. ಹೀಗಿರುವಾಗ ಈ ಮಕ್ಕಳು ಬೇರೆ ಬಗೆಯವರೆಂಬ ಅಂಜಿಕೆಗೆ ಎಡೆಯಿಲ್ಲ. ಆದರೂ ೧೯೭೮ರ ಆ ಗುಟ್ಟು ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಉಳಿದುಕೊಂಡಿದೆ.

ಅಪಾಯ ಎಲ್ಲಿಂದ?

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚಿಕಿತ್ಸೆಯಿಂದಾದ ಬಸಿರುಗಳಲ್ಲಿ ಹೆಚ್ಚಿನವು ಸುಖವಾಗಿಯೇ ಮುಗಿಯುತ್ತವೆ. ಕೆಲವು ತೊಂದರೆಗಳು ಇವುಗಳಲ್ಲಿ ತುಸು ಹೆಚ್ಚು ಸಲ ಕಾಣುತ್ತವೆಂಬುದಷ್ಟೇ ಸತ್ಯ. ಅದಕ್ಕೆ ಕಾರಣಗಳು ಮೂರು.

ಒಂದನೆಯದು, ತಾಯಿಯ ವಯಸ್ಸು ಮತ್ತು ಬಸಿರು ನಿಲ್ಲದಿರಲು ಮೂಲಕಾರಣವಾದ ದೋಷ. ಮೂವತ್ತೈದು ದಾಟಿದ ಮೇಲೆ ಚಿಕಿತ್ಸೆ ಇರಲಿ, ಇಲ್ಲದಿರಲಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೊದಲಾದವು ಹೆಚ್ಚು. ಅಂಡಾಶಯದಲ್ಲಿ ನೀರುಗುಳ್ಳೆಗಳಿರುವವರಿಗೂ ಗರ್ಭಕೋಶದಲ್ಲಿ ಗಡ್ಡೆಯಿರುವವರಿಗೂ ಅವರವರದೇ ತೊಡಕುಗಳುಂಟು. ಎರಡನೆಯದು, ಅವಳಿ ತ್ರಿವಳಿಗಳು. ಮೂರನೆಯದು ಮಾತ್ರ ಚಿಕಿತ್ಸೆಗೆ ಸೇರಿದ್ದು: ಅಂಡಾಶಯವನ್ನು ಪ್ರಚೋದಿಸುವ ಚುಚ್ಚುಮದ್ದು, ಗರ್ಭಕೋಶವನ್ನು ಹದಗೊಳಿಸುವ ಔಷಧ, ಭ್ರೂಣವು ನಾಟಿಕೊಳ್ಳುವ ರೀತಿ. ಇದರಲ್ಲಿ ಯಾವುದು ಎಷ್ಟರಮಟ್ಟಿಗೆ ಕಾರಣವೆಂದು ಬಿಡಿಸಿ ಹೇಳುವುದು ವೈದ್ಯರಿಗೂ ಸುಲಭವಲ್ಲ.

ಜೋಡಿಯ ಆಸೆ

ನಮ್ಮವರಲ್ಲಿ ಒಂದು ಲೆಕ್ಕಾಚಾರವುಂಟು. ಒಂದೇ ಖರ್ಚಿನಲ್ಲಿ ಎರಡು ಮಕ್ಕಳಾದರೆ ಲಾಭವಲ್ಲವೇ ಎಂದು! ಇಡ್ಲಿ ಜೋಡಿಯಾಗಿ ಬರುವಂತೆ ಮಕ್ಕಳೂ ಬಂದರೆ ಒಳ್ಳೆಯದೆಂದು ಬಗೆದು, ಎರಡು ಮೂರು ಭ್ರೂಣಗಳನ್ನು ಇರಿಸಿರೆಂದು ವೈದ್ಯರನ್ನು ಬೇಡುವವರಿದ್ದಾರೆ. ಇದು ಅಪಾಯಕರವಾದ ಆಸೆ. ಸಹಜವಾಗಿ ಸುಮಾರು ಎಂಬತ್ತು ಬಸಿರುಗಳಿಗೆ ಒಂದು ಅವಳಿ. ಹಲವು ಭ್ರೂಣಗಳನ್ನು ಇರಿಸಿದಾಗ ಈ ಪ್ರಮಾಣವು ಎಷ್ಟೋ ಪಾಲು ಏರುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ೩೭ ವಾರಗಳಿಗೆ ಮುನ್ನವೇ ಹುಟ್ಟುತ್ತವೆ. ದಿನ ತುಂಬದ ಕೂಸಿಗೆ ಉಸಿರಾಟದ ಕಷ್ಟ, ಮೈ ಬಿಸಿ ಉಳಿಸಿಕೊಳ್ಳಲಾಗದ ಕಷ್ಟ, ಹಾಲು ಚೀಪಲಾಗದ ಕಷ್ಟ. ತಾಯಿಗೆ ರಕ್ತಹೀನತೆ, ರಕ್ತದೊತ್ತಡ, ಹೆರಿಗೆಯ ಮೇಲೆ ರಕ್ತಸ್ರಾವ.

ಸಾಲ ಮಾಡಿ ಚಿಕಿತ್ಸೆ ಪಡೆದವರ ಕೈಯ ಹಣವೆಲ್ಲ ಬಸಿರು ನಿಲ್ಲುವಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಎರಡು ಕೂಸುಗಳನ್ನು ವಾರಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಇರಿಸಬೇಕಾಗಿ ಬಂದರೆ ಲಾಭವೆಲ್ಲಿ ಬಂತು? ಆದುದರಿಂದ ಒಳ್ಳೆಯ ಭ್ರೂಣ ದೊರೆತಾಗ ಒಂದನ್ನೇ ಇರಿಸಿ ಮಿಕ್ಕವನ್ನು ಶೈತ್ಯದಲ್ಲಿ ಕಾಪಿಡುವುದು ಲೇಸೆಂಬುದು ಇಂದಿನ ತಜ್ಞರ ಮತ. ಹೀಗೆ ಒಂದನ್ನೇ ಇರಿಸಿದರೂ ಅದು ಒಡೆದು ಅವಳಿಯಾಗುವುದು ಅಪರೂಪಕ್ಕೆ ಉಂಟು.

ಮೊದಲ ವಾರಗಳು

ಚುಚ್ಚುಮದ್ದಿನಿಂದ ಅಂಡಾಶಯಗಳು ಅತಿಯಾಗಿ ಉಬ್ಬಿ, ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ಕೆಲವರಿಗೆ ಬರುತ್ತದೆ. ಅಂಡಾಶಯದಲ್ಲಿ ನೀರುಗುಳ್ಳೆಗಳಿರುವ ಎಳೆವಯಸ್ಸಿನವರಿಗೆ ಇದರ ಭಯ ಹೆಚ್ಚು. ಬಸಿರು ನಿಂತರೆ ಕಾಯಿಲೆ ಇನ್ನಷ್ಟು ಲಂಬಿಸುತ್ತದೆ. ಹೊಟ್ಟೆಯುಬ್ಬರ, ಒಂದೆರಡು ದಿನಗಳಲ್ಲಿಯೇ ಏರುವ ತೂಕ, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು—ಇವು ಕಂಡರೆ ಅಜೀರ್ಣವೆಂದು ಜೀರಿಗೆ ಕಷಾಯ ಕುಡಿಸಿ ಕಾಯತಕ್ಕದ್ದಲ್ಲ. ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಈ ಕಾಯಿಲೆಯಲ್ಲಿ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಸಂಭವವೂ ಉಂಟು.

ಇನ್ನೊಂದು, ಭ್ರೂಣವು ಗರ್ಭಕೋಶವನ್ನು ಬಿಟ್ಟು ಅಂಡನಾಳದಲ್ಲಿ ನೆಲೆಸುವುದು. ಓಲ್ಡಮ್ಮಿನ ಅದೇ ವೈದ್ಯರಿಗೆ ಈ ವಿಧಾನದಿಂದ ದೊರೆತ ಮೊಟ್ಟಮೊದಲ ಬಸಿರು ಹೀಗೆಯೇ ನಾಳದಲ್ಲಿ ನೆಲೆಸಿ ನಷ್ಟವಾಯಿತೆಂದು ೧೯೭೬ರಲ್ಲಿ ಅವರೇ ವರದಿ ಮಾಡಿದ್ದರು. ಭ್ರೂಣವನ್ನು ಗರ್ಭಕೋಶದಲ್ಲಿಯೇ ಇರಿಸಿದರೂ ಅದು ಜಾರಿ ನಾಳವನ್ನು ಸೇರಬಲ್ಲದು. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಹರಿದು ಪ್ರಾಣಕ್ಕೆ ಸಂಚಕಾರ. ರಕ್ತಪರೀಕ್ಷೆಯಲ್ಲಿ ಬಸಿರೆಂದು ತಿಳಿದೊಡನೆ ಸಿಹಿ ಹಂಚಿ ಸುಮ್ಮನಾಗದೆ, ಆರು ಏಳು ವಾರಗಳ ಹೊತ್ತಿಗೆ ಸ್ಕ್ಯಾನ್ ಮಾಡಿಸಿ ಮಗು ಇರಬೇಕಾದಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕಾದುದು ಇದಕ್ಕಾಗಿಯೇ. ಒಂದು ಗರ್ಭಕೋಶದಲ್ಲಿ, ಇನ್ನೊಂದು ನಾಳದಲ್ಲಿ, ಹೀಗೆ ಎರಡೂ ಏಕಕಾಲಕ್ಕೆ ಇರುವುದು ಸಹಜ ಬಸಿರಿನಲ್ಲಿ ಅತಿ ವಿರಳ. ಚಿಕಿತ್ಸೆಯ ಬಸಿರಿನಲ್ಲಿ ಅಷ್ಟು ವಿರಳವಲ್ಲ. ಹೊಟ್ಟೆನೋವೆಂದು ಬಂದವರು ಚಿಕಿತ್ಸೆಯ ಸಂಗತಿಯನ್ನು ಹೇಳದಿದ್ದರೆ, ಸ್ಕ್ಯಾನಿನಲ್ಲಿ ಗರ್ಭಕೋಶದೊಳಗಿನ ಮಗುವನ್ನು ಕಂಡು ವೈದ್ಯರು ನಿಶ್ಚಿಂತರಾಗಿಬಿಡುವ ಅಪಾಯವಿದೆ.

ನಂಜು, ಸಕ್ಕರೆ, ಮಾಸು

ಹಿರಿಯರು ಬಸಿರು ನಂಜೆಂದು ಕರೆಯುತ್ತಿದ್ದ ರೋಗ—ಇಪ್ಪತ್ತು ವಾರಗಳ ಮೇಲೆ ರಕ್ತದೊತ್ತಡ ಏರಿ, ಮೂತ್ರದಲ್ಲಿ ಸಸಾರಜನಕ ಹೋಗುವುದು—ಸಾಮಾನ್ಯವಾಗಿ ನೂರು ಬಸುರಿಯರಲ್ಲಿ ಎರಡರಿಂದ ಎಂಟು ಜನರಿಗೆ ಬರುತ್ತದೆ. ಚಿಕಿತ್ಸೆಯ ಬಸಿರಿನಲ್ಲಿ ಇದು ಹೆಚ್ಚು. ಶೈತ್ಯದಲ್ಲಿಟ್ಟ ಭ್ರೂಣವನ್ನು ಕೇವಲ ಔಷಧಗಳಿಂದ ಹದಗೊಳಿಸಿದ ಗರ್ಭಕೋಶದಲ್ಲಿರಿಸಿದಾಗಲೂ, ಬೇರೊಬ್ಬರು ದಾನ ಮಾಡಿದ ಅಂಡಾಣುವಿನಿಂದ ಬಸಿರಾದಾಗಲೂ, ಅವಳಿಯಿದ್ದಾಗಲೂ ವಿಶೇಷವಾಗಿ ಹೆಚ್ಚು. ಈ ರೋಗದ ಕೆಡುಕೇನೆಂದರೆ, ಆರಂಭದಲ್ಲಿ ಬಸುರಿಗೆ ಯಾವ ನೋವೂ ತೋರದಿರಬಹುದು. ೧೪೦/೯೦ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡ ಕಂಡರೆ ತಡಮಾಡಬಾರದು. ಅಪಾಯ ಹೆಚ್ಚಿರುವವರಿಗೆ ಹದಿನಾರು ವಾರಗಳ ಒಳಗೆ ಆರಂಭಿಸಿದ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆಯಿಂದ ಅವಧಿಗೆ ಮುನ್ನ ಬರುವ ನಂಜು ಬಹುಮಟ್ಟಿಗೆ ತಪ್ಪುತ್ತದೆಂದು ೨೦೧೭ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಿಂದ ತಿಳಿದುಬಂದಿದೆ. ಆದರೆ ಈ ಮಾತ್ರೆಯನ್ನು ವೈದ್ಯರೇ ಕೊಡಬೇಕು. ಔಷಧದ ಅಂಗಡಿಯವನ ಮಾತಿನಿಂದ ನುಂಗತಕ್ಕದ್ದಲ್ಲ.

ಬಸಿರಿನ ಸಕ್ಕರೆ ಕಾಯಿಲೆಗೆ ನಮ್ಮ ದೇಶದಲ್ಲಿ ಎಲ್ಲ ಗರ್ಭಿಣಿಯರನ್ನೂ ಪರೀಕ್ಷಿಸಬೇಕೆಂಬ ನಿಯಮವಿದೆ. ೭೫ ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ ಎರಡು ಗಂಟೆಗಳ ಮೇಲೆ ರಕ್ತ ನೋಡುತ್ತಾರೆ. ೧೪೦ ಅಥವಾ ಅದಕ್ಕೂ ಮಿಕ್ಕಿದ್ದರೆ ಪಥ್ಯ ಬೇಕು. ಅನ್ನ, ಉಪ್ಪಿಟ್ಟು, ಜಹಾಂಗೀರುಗಳ ನಡುವೆ ಬದುಕುವ ನಮ್ಮ ಹೋಟೆಲಿನ ಸಂಸಾರಗಳು ಈ ಪರೀಕ್ಷೆಯನ್ನು ತಪ್ಪಿಸಬಾರದು.

ಮಾಸು ಕೆಳಗೆ ಇಳಿದು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಳ್ಳುವುದೂ ಚಿಕಿತ್ಸೆಯ ಬಸಿರಿನಲ್ಲಿ ಹೆಚ್ಚು ಕಾಣುತ್ತದೆ. ನೋವಿಲ್ಲದೆ ರಕ್ತ ಹೋಗುವುದು ಇದರ ಗುರುತು. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಮಾಸಿನ ಸ್ಥಾನವನ್ನು ಕೇಳಿ ತಿಳಿದುಕೊಂಡಿದ್ದರೆ, ಹೆರಿಗೆ ಎಲ್ಲಿ, ಹೇಗೆ ಆಗಬೇಕೆಂಬುದನ್ನು ಮೊದಲೇ ಗೊತ್ತುಮಾಡಬಹುದು.

ಮಗುವಿನ ವಿಚಾರ? ಒಂದೇ ಮಗುವಿದ್ದರೂ ದಿನಕ್ಕೆ ಮುನ್ನ ಹುಟ್ಟುವ ಸಂಭವ ಸ್ವಲ್ಪ ಹೆಚ್ಚು. ಹುಟ್ಟುದೋಷಗಳು ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಮಕ್ಕಳಲ್ಲಿ ಇರುತ್ತವೆ. ಇಲ್ಲಿ ಅದಕ್ಕಿಂತ ತುಸು ಹೆಚ್ಚು. ಈ ಹೆಚ್ಚಳದ ಒಂದು ಭಾಗವು ತಂದೆತಾಯಿಗಳ ಮೂಲದೋಷಕ್ಕೇ ಸೇರಿದ್ದು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟಿ ಬೆಳೆಯುತ್ತವೆ.

ಹೇಳದಿದ್ದರೆ ಏನಾಗುತ್ತದೆ?

ಈಗ ಗಲ್ಲಾದ ಮಿತ್ರರ ಪ್ರಶ್ನೆಗೆ ಬರೋಣ. ಊರಿನ ವೈದ್ಯರಿಗೆ ಹೇಳಲೇಬೇಕು. ಕಾರಣಗಳನ್ನು ಕೇಳಿ.

ದಿನದ ಲೆಕ್ಕ ಮೊದಲನೆಯದು. ಮುಟ್ಟಿನ ದಿನವನ್ನು ಅಂದಾಜಿನ ಮೇಲೆ ಹೇಳುವುದಕ್ಕಿಂತ ಭ್ರೂಣವನ್ನು ಇರಿಸಿದ ದಿನ ಹೆಚ್ಚು ಖಚಿತ. ಐದು ದಿನ ಬೆಳೆದ ಭ್ರೂಣವಾದರೆ ಅದನ್ನು ಇರಿಸಿದ ದಿನದಿಂದ ೨೬೧ ದಿನಗಳಿಗೆ ಹೆರಿಗೆಯ ದಿನ. ಮಗು ಬೆಳೆಯುತ್ತಿಲ್ಲವೋ, ಅಥವಾ ದಿನದ ಎಣಿಕೆಯೇ ತಪ್ಪೋ ಎಂಬ ಸಂದೇಹ ಬಂದಾಗ ಈ ಒಂದು ತಾರೀಖು ವೈದ್ಯರಿಗೆ ದಾರಿದೀಪವಾಗುತ್ತದೆ.

ಎರಡನೆಯದು, ಪರೀಕ್ಷೆಗಳ ಅರ್ಥ. ಮಗುವಿಗೆ ಡೌನ್ ಲಕ್ಷಣವಿರುವ ಸಂಭವವನ್ನು ತಾಯಿಯ ವಯಸ್ಸನ್ನು ಹಿಡಿದು ಲೆಕ್ಕ ಹಾಕುತ್ತಾರೆ. ಅಂಡಾಣುವನ್ನು ಇಪ್ಪತ್ತೈದು ವರ್ಷದ ದಾನಿಯಿಂದ ಪಡೆದಿದ್ದು, ಲೆಕ್ಕಕ್ಕೆ ನಲವತ್ತು ವರ್ಷದ ಬಸುರಿಯ ವಯಸ್ಸನ್ನು ಬರೆಸಿದರೆ ಬರುವ ಉತ್ತರವೇ ತಪ್ಪು. ಆ ತಪ್ಪಿನಿಂದ ಮನೆಯವರಿಗೆ ವೃಥಾ ಗಾಬರಿ. ಎರಡು ಭ್ರೂಣಗಳಲ್ಲಿ ಒಂದು ಕರಗಿಹೋಗಿದ್ದರೂ ಕೆಲವು ರಕ್ತಪರೀಕ್ಷೆಗಳು ದಾರಿ ತಪ್ಪಿಸುತ್ತವೆ.

ಮೂರನೆಯದು ಔಷಧಗಳು. ಮೊದಲ ತಿಂಗಳುಗಳಲ್ಲಿ ಬಸಿರನ್ನು ಉಳಿಸಲು ಕೊಡುವ ಪ್ರೊಜೆಸ್ಟರಾನನ್ನು ವೈದ್ಯರು ಹೇಳಿದ ದಿನಕ್ಕೆ ಮುನ್ನ ನಿಲ್ಲಿಸಬಾರದು. ಆಸ್ಪಿರಿನ್, ರಕ್ತ ಹೆಪ್ಪುಗಟ್ಟದಂತೆ ಮಾಡುವ ಚುಚ್ಚುಮದ್ದು ಇವುಗಳಿದ್ದರೆ ಹೆರಿಗೆಯ ಕೋಣೆಯಲ್ಲಿಯೂ ಅರಿವಳಿಕೆಯವರಿಗೂ ತಿಳಿದಿರಲೇಬೇಕು.

ಹಿರಿಯರಿಗೆ ಹೇಳುವುದು ಬಿಡುವುದು ದಂಪತಿಗಳ ಇಷ್ಟ. ವೈದ್ಯರಿಗೆ ಹೇಳುವುದು ಹಾಗಲ್ಲ. ಬಸುರಿಯು ವೈದ್ಯರನ್ನು ಒಬ್ಬಳೇ ಕಂಡು ಮಾತನಾಡಲು ಅವಕಾಶ ಕೇಳಬಹುದು. ಈ ಸಂಗತಿಯನ್ನು ಅತ್ತೆ ಮಾವಂದಿರೆದುರು ಎತ್ತಬೇಡಿರೆಂದೂ ಹೇಳಬಹುದು. ರೋಗಿಯ ಗುಟ್ಟನ್ನು ಕಾಯುವುದು ವೈದ್ಯರ ಧರ್ಮ.

ಕಾನೂನು ಕೊಟ್ಟ ಹಕ್ಕು

೨೦೨೧ರಲ್ಲಿ ಸಂಸತ್ತು ಅಂಗೀಕರಿಸಿ, ೨೦೨೨ರ ಜನವರಿಯಿಂದ ಜಾರಿಗೆ ಬಂದ ಸಂತಾನೋತ್ಪತ್ತಿ ನೆರವಿನ ಕಾಯಿದೆಯಂತೆ ಇಂಥ ಪ್ರತಿಯೊಂದು ಚಿಕಿತ್ಸಾಲಯವೂ ನೋಂದಣಿ ಪಡೆದಿರಬೇಕು. ಹೌಜ್ ಖಾಸ್, ಗ್ರೀನ್ ಪಾರ್ಕ್ ಬಡಾವಣೆಗಳಲ್ಲಿ ನಗುವ ಶಿಶುವಿನ ಚಿತ್ರವಿರುವ ಹಲಗೆಗಳು ಕಣ್ಣಿಗೆ ಬೀಳುತ್ತವೆ. ಒಳಹೊಕ್ಕವರು ಮೊದಲು ನೋಂದಣಿಯ ಪತ್ರವನ್ನು ಕೇಳಬೇಕು. ಯಶಸ್ಸಿನ ಸಂಭವವೆಷ್ಟು, ಖರ್ಚೆಷ್ಟು, ಔಷಧಗಳ ದುಷ್ಪರಿಣಾಮವೇನು, ಅವಳಿ ತ್ರಿವಳಿಗಳ ಅಪಾಯವೇನು, ಮಗುವನ್ನು ದತ್ತು ಪಡೆಯುವ ಮಾರ್ಗವೂ ಉಂಟೆಂಬುದು—ಇವೆಲ್ಲವನ್ನೂ ತಿಳಿಯಹೇಳುವುದು ಅವರ ಕರ್ತವ್ಯ. ಮಾಹಿತಿಯನ್ನು ಗೋಪ್ಯವಾಗಿಡಬೇಕಾದುದೂ ಕುಂದುಕೊರತೆಗಳನ್ನು ಕೇಳಲು ವ್ಯವಸ್ಥೆ ಮಾಡಬೇಕಾದುದೂ ಕರ್ತವ್ಯವೇ. ಚಿಕಿತ್ಸೆ ಮುಗಿದಾಗ ನಡೆಸಿದ ವಿಧಾನದ ವಿವರಗಳುಳ್ಳ ಬಿಡುಗಡೆಯ ಪತ್ರವನ್ನು ಕೊಡತಕ್ಕದ್ದೆಂದೂ ಕಾಯಿದೆ ಹೇಳುತ್ತದೆ. ಮಾತಿನಲ್ಲಿ ಹೇಳಲು ಸಂಕೋಚಪಡುವವರಿಗೆ ಈ ಪತ್ರವೇ ನಾಲಗೆ.

ಚಿಕಿತ್ಸೆ ಪಡೆಯುವ ಹೆಂಗಸಿಗೆ ೫೦, ಗಂಡಸಿಗೆ ೫೫ ವರ್ಷಗಳ ಮಿತಿಯನ್ನೂ ಕಾಯಿದೆ ವಿಧಿಸಿದೆ. ೨೦೧೯ರಲ್ಲಿ ಆಂಧ್ರದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅವಳಿಗಳನ್ನು ಹೆತ್ತಾಗ ಪತ್ರಿಕೆಗಳಲ್ಲಿ ಬೆರಗೂ, ವೈದ್ಯವಲಯದಲ್ಲಿ ಖಂಡನೆಯೂ ವ್ಯಕ್ತವಾದುದನ್ನು ವಾಚಕರು ಮರೆತಿರಲಾರರು.

ಮಾಡಬೇಕಾದುದೇನು?

ಮೆಟ್ರೋ ರೈಲಿನಲ್ಲಿ ಹೌಜ್ ಖಾಸಿನಿಂದ ಎರಡನೆಯ ನಿಲ್ದಾಣವೇ ಏಮ್ಸ್. ಅದರ ಎದುರಿಗೇ ಸಫ್ದರ್‌ಜಂಗ್ ಆಸ್ಪತ್ರೆ. ಸಾಲು ಉದ್ದವೆಂಬುದು ನಿಜ. ಆದರೆ ಕಷ್ಟದ ಹೆರಿಗೆಗಳನ್ನು ಕಂಡು ಪಳಗಿದ ಕೈಗಳು ಅಲ್ಲಿವೆ. ಪ್ರತಿ ತಿಂಗಳ ೯ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ತುಂಬುತ್ತಿರುವ ಬಸುರಿಯರಿಂದ ಮೊದಲ್ಗೊಂಡು ಎಲ್ಲರಿಗೂ ಧರ್ಮಾರ್ಥವಾಗಿ ತಪಾಸಣೆ ನಡೆಸುವ ಯೋಜನೆ ೨೦೧೬ರಿಂದ ನಡೆದಿದೆ. ಅಂದು ಒಂದು ಪಾಳಿಯ ರಜೆ ಕೇಳುವ ಗಂಡನಿಗೆ ಮಾಲೀಕರು ಇಲ್ಲವೆನ್ನಲಾರರೆಂದು ನಂಬಿದ್ದೇವೆ.

ತವರಿಗೆ ಹೋಗುವುದಾದರೆ ವೈದ್ಯರನ್ನು ಕೇಳಿಯೇ ಹೋಗಬೇಕು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಗಳ ಪಯಣ. ನಡುವೆ ರಕ್ತಸ್ರಾವವಾದರೆ ಇಳಿಸಲು ಯಾವ ಊರು? ಮಾಸು ಕೆಳಗಿದ್ದರೆ, ಅವಳಿಯಿದ್ದರೆ, ಒತ್ತಡವಿದ್ದರೆ ಬಾಣಂತನಕ್ಕೆ ತಾಯಿಯನ್ನೇ ದೆಹಲಿಗೆ ಕರೆಸುವುದು ಜಾಣತನ. ಹೋಗುವವರು ಕಾಲಿಗೆ ಆಗಾಗ ಚಲನೆ ಕೊಡುತ್ತ, ನೀರು ಕುಡಿಯುತ್ತ ಹೋಗಬೇಕು. ಮಕ್ಕಳ ತೀವ್ರ ನಿಗಾ ಘಟಕವೂ ರಕ್ತನಿಧಿಯೂ ಹತ್ತಿರವಿರುವ ಆಸ್ಪತ್ರೆಯಲ್ಲಿಯೇ ಹೆಸರು ಬರೆಸಬೇಕು.

ಚಿಕಿತ್ಸೆಯ ಬಸಿರೆಂದರೆ ಒಂಬತ್ತು ತಿಂಗಳೂ ಹಾಸಿಗೆ ಬಿಟ್ಟೇಳಬಾರದೆಂಬ ನಂಬಿಕೆಗೆ ಆಧಾರವಿಲ್ಲ. ಸುಮ್ಮನೆ ಮಲಗಿದ್ದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟೀತು. ಶಸ್ತ್ರಕ್ರಿಯೆಯಿಂದಲೇ ಹೆರಿಗೆಯಾಗಬೇಕೆಂಬುದೂ ನಿಯಮವಲ್ಲ. ಆದರೆ ಕೆಲವು ಸೂಚನೆಗಳನ್ನು ಗಂಡಹೆಂಡಿರಿಬ್ಬರೂ ಬಾಯಿಪಾಠ ಮಾಡಿಕೊಂಡಿರಬೇಕು: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈಗಳ ಊತ, ರಕ್ತ ಅಥವಾ ನೀರು ಹೋಗುವುದು, ಒಂದೇ ಕಾಲು ಊದಿ ನೋಯುವುದು, ಉಸಿರುಗಟ್ಟುವುದು, ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ದೆಹಲಿಯಲ್ಲಿ ೧೦೨, ಕರ್ನಾಟಕದಲ್ಲಿ ೧೦೮ ಸಂಖ್ಯೆಗೆ ಕರೆದರೆ ಆಂಬುಲೆನ್ಸ್ ದೊರೆಯುತ್ತದೆ.

ಕೆರೆ ತೋಡಿದ್ದು ಮನುಷ್ಯನೆಂದ ಮಾತ್ರಕ್ಕೆ ಅದರ ನೀರು ನೀರಲ್ಲದೆ ಹೋಗುವುದಿಲ್ಲ. ಆದರೆ ತೋಡಿದ ಕೆರೆಗೆ ಏರಿಯ ಕಾವಲು ಬೇಕು. ಕಾಯುವವನಿಗೆ ಏರಿ ಎಲ್ಲಿ ತೆಳುವಾಗಿದೆಯೆಂದು ತಿಳಿದಿರಬೇಕು.

ಮೊನ್ನೆ ಹೋಟೆಲಿಗೆ ಹೋದಾಗ ಗಲ್ಲಾದ ಮಿತ್ರರು ಚಿಲ್ಲರೆಯೆಣಿಸುತ್ತಲೇ ಸುದ್ದಿ ತಿಳಿಸಿದರು. ಬಿಡುಗಡೆಯ ಪತ್ರವನ್ನೂ ಸ್ಕ್ಯಾನಿನ ವರದಿಗಳನ್ನೂ ಒಂದು ಕಡತಕ್ಕೆ ಸೇರಿಸಿದ್ದಾರೆ. ಊರಿನ ಡಾಕ್ಟರಮ್ಮನಿಗೆ ಅವರ ಪತ್ನಿಯೇ ಫೋನು ಮಾಡಿ ಎಲ್ಲವನ್ನೂ ಹೇಳಿದರಂತೆ. ಆಕೆ ಭ್ರೂಣವಿರಿಸಿದ ತಾರೀಖನ್ನು ಕೇಳಿ ಬರೆದುಕೊಂಡು, ರಕ್ತದೊತ್ತಡವನ್ನು ವಾರಕ್ಕೊಮ್ಮೆ ನೋಡಿಸಬೇಕೆಂದೂ ಪಯಣಕ್ಕೆ ಮುನ್ನ ಇನ್ನೊಂದು ಸ್ಕ್ಯಾನ್ ಆಗಬೇಕೆಂದೂ ಹೇಳಿದರಂತೆ.

“ಅಮ್ಮನಿಗೆ?” ಎಂದು ಕೇಳಿದೆವು.

“ಇನ್ನೂ ಹೇಳಿಲ್ಲ ರಾಯರೇ. ಮಗು ಕೈಗೆ ಬಂದ ಮೇಲೆ ನೋಡೋಣ,” ಎಂದು ನಕ್ಕು, ಮುಂದಿನ ಗಿರಾಕಿಯ ಬಿಲ್ಲಿಗೆ ಕೈಚಾಚಿದರು.